ಮೊಳಕೆ ರಾಗಿ ಮುದ್ದೆ ಕೊನೆಗೂ ನಿಂತಿತು (ಸದ್ಯಕ್ಕೆ ಕಾಲು ಪಾಲು)

ಮೊದಲು ಸುದ್ದಿ. ಮೊಳಕೆ ಕಟ್ಟಿದ ರಾಗಿ ಹಿಟ್ಟು ಕಾಲು ಪಾಲು ಬೆರೆಸಿದ ಮುದ್ದೆ ತಟ್ಟೆಯಲ್ಲಿ ಗುಂಡಗೆ ಕೂತಿದೆ. ಹರಡಿಲ್ಲ, ಬೆರಳಿಗೆ ಗೋಂದಿನ ಹಾಗೆ ಮೆತ್ತಿಕೊಂಡಿಲ್ಲ. ಬಸ್ಸಾರಲ್ಲಿ ಅದ್ದಿದ ತುತ್ತು ಸಾರಲ್ಲೇ ಕರಗಿಹೋಗದೆ ಗಂಟಲಿಗೆ ಇಳೀತು. ಇಷ್ಟಕ್ಕೆ ಇಷ್ಟೊಂದು ಸಂಭ್ರಮವೇ ಅನ್ನೋರು ಅಂಗಡಿಯ ಮಾಲ್ಟ್ (ಮೊಳಕೆ ರಾಗಿ) ಹಿಟ್ಟಲ್ಲಿ ಒಮ್ಮೆ ಮುದ್ದೆ ತಿರುವಿ ನೋಡಲಿ.

ನೆನೆಹಾಕೋದು, ಬಟ್ಟೆ ಕಟ್ಟೋದು ಎಲ್ಲ ನಿಮಗೆ ಗೊತ್ತಿರೋದೇ, ಓಡಿಸಿಬಿಡ್ತೀನಿ. ಹನ್ನೆರಡು ಗಂಟೆ ನೆನೆಸಿ, ಮಧ್ಯೆ ಎರಡು ಸಲ ನೀರು ಬದಲಾಯಿಸಿ, ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟೋದು. ಬೇಸಿಗೆಯಲ್ಲಿ ಒಂದು ದಿನಕ್ಕೇ ಬಿಳಿ ತುದಿ ಇಣುಕುತ್ತೆ. ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಯಲ್ಲಿ ಎರಡು ದಿನ ಬೇಕು. ಗಂಟು ಬಿಗಿಯಾದರೆ ನಡುವಿನ ಕಾಳಿಗೆ ಗಾಳಿ ಸಿಗದೆ ಹುಳಿ ವಾಸನೆ ಬರುತ್ತೆ. ವಾಸನೆ ಬಂದದ್ದನ್ನ ತೊಳೆದು ಉಳಿಸೋ ಸಾಹಸ ಬೇಡ, ದನಕ್ಕೂ ಬೇಡ, ಗೊಬ್ಬರದ ಗುಂಡಿಗೆ ಹಾಕಿ. ನೀರಿನ ಬಗ್ಗೆ ಒಂದು ಮಾತು: ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯೋ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಹಾಕಿದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5. ಕಾಳು ಕುಡಿದ ನೀರು ಬಿಸಿಲಿಗೆ ಆರಿಹೋಗುತ್ತೆ, ಫ್ಲೋರೈಡ್ ಕಾಳಲ್ಲೇ ಉಳಿಯುತ್ತೆ. ಕುಡಿಯೋಕೆ ತರೋ ಕ್ಯಾನ್ ನೀರಲ್ಲೇ ನೆನೆಹಾಕಿ.

ಒಣಗಿದ್ದು ಸಾಕಾ ಅನ್ನೋದಕ್ಕೆ ತಕ್ಕಡಿಯೇ ಸಾಕ್ಷಿ. 1 ಕೆಜಿ ರಾಗಿ ಹಾಕಿದ್ದರೆ, ಒಣಗಿಸಿ, ಟವೆಲ್ಲಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಬೇರು ತೆಗೆದ ಮೇಲೆ 900 ಗ್ರಾಂ ಆಸುಪಾಸಿಗೆ ಬರಬೇಕು. ಮೊಳಕೆ ಬರುವಾಗ ಕಾಳು ತನ್ನದೇ ಪಿಷ್ಟವನ್ನ ಸ್ವಲ್ಪ ತಿಂದುಕೊಂಡಿರುತ್ತೆ, ಬೇರೂ ಉದುರಿರುತ್ತೆ. ಆದರೂ ಪೂರ್ತಿ 1 ಕೆಜಿ ತೂಗಿದರೆ ಒಳಗೆ ಇನ್ನೂ ನೀರಿದೆ ಅಂತಲೇ ಲೆಕ್ಕ. ಅದನ್ನ ಡಬ್ಬಿಗೆ ತುಂಬಿದರೆ ಬೂಷ್ಟು ಗ್ಯಾರಂಟಿ.

ಶಿಡ್ಲಘಟ್ಟದ ಕಡೆಯವರಿಗೆ ಒಂದು ಎಚ್ಚರಿಕೆ. ಹಳೇ ಚಂದ್ರಿಕೆ (ರೇಷ್ಮೆ ಹುಳು ಗೂಡು ಕಟ್ಟೋ ತಟ್ಟಿ) ಪುಕ್ಕಟೆ ಸಿಗುತ್ತೆ, ಗಾಳಿಯೂ ಚೆನ್ನಾಗಿ ಆಡುತ್ತೆ, ರಾಗಿ ಹರವೋಕೆ ಹೇಳಿಮಾಡಿಸಿದ ಹಾಗಿದೆ, ನಿಜ. ಆದರೆ ಹುಳು ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯೋದು ಮಾಮೂಲು. ತಿನ್ನೋ ಕಾಳನ್ನ ಅದರ ಮೇಲೆ ಹಾಕಬೇಡಿ.

ಈಗ ಅಸಲಿ ತಲೆನೋವು. ಮಾಮೂಲಿ ಅಳತೆ, ಒಂದು ಲೋಟ ಮೊಳಕೆ ಹಿಟ್ಟಿಗೆ ಎರಡು ಲೋಟ ನೀರು. ಎಸರು ಕುದಿಯಿತು, ಹಿಟ್ಟು ಗುಡ್ಡೆ ಹಾಕಿದ್ದಾಯಿತು, ಕೋಲಲ್ಲಿ ನಡುವೆ ತೂತು ಮಾಡಿ ಸಣ್ಣ ಉರಿಯಲ್ಲಿ ಬಿಟ್ಟದ್ದಾಯಿತು. ತಿರುವೋಕೆ ಹೋದರೆ ಹಿಟ್ಟು ಬಿಗಿಯೋ ಬದಲು ಸಡಿಲವಾಗ್ತಾ ಹೋಗುತ್ತೆ. ಇನ್ನೊಂದು ಹಿಡಿ ಹಿಟ್ಟು ಹಾಕಿದರೆ ಎರಡು ನಿಮಿಷ ಗಟ್ಟಿ, ಆಮೇಲೆ ಮತ್ತೆ ಸಡಿಲ. ಕೊನೆಗೆ ಪಾತ್ರೆಯಲ್ಲಿ ಉಳಿಯೋದು ಸಿಹಿ ಸಿಹಿ ಅಂಟು. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತಾರೆ. ಈ ಹಿಟ್ಟು ತಿಂದವನು ಚಮಚ ಎತ್ತಿಟ್ಟರೆ ಹೆಚ್ಚು.

ನೀರು ಜಾಸ್ತಿಯಾಯಿತು, ಗಿರಣಿಯಲ್ಲಿ ಹಿಟ್ಟು ನುಣ್ಣಗಾಗಲಿಲ್ಲ, ತಳಿ ಸರಿಯಿಲ್ಲ ಅಂತ ಎಲ್ಲರೂ ಹೇಳ್ತಾರೆ. ಯಾವುದೂ ಅಲ್ಲ. ಜಿಪಿಯು-28, ಎಂಎಲ್-365 ಎರಡರದ್ದೂ ಸಾದಾ ಹಿಟ್ಟು ಇದೇ ಅಳತೆಗೆ ಕಲ್ಲಿನಂಥ ಮುದ್ದೆ ಕೊಟ್ಟಿತು. ತಪ್ಪಿತಸ್ಥ ಅಮೈಲೇಸ್ ಅನ್ನೋ ಕಿಣ್ವ. ಮೊಳಕೆಯೊಡೆಯೋ ಕಾಳು ತನ್ನ ಪಿಷ್ಟವನ್ನ ಸಕ್ಕರೆ ಮಾಡಿಕೊಳ್ಳೋಕೆ ಇದನ್ನ ತಯಾರಿಸುತ್ತೆ, ಸಿರಿಧಾನ್ಯಗಳ ಪೈಕಿ ರಾಗಿಯಲ್ಲಿ ಇದರ ಉತ್ಪತ್ತಿ ಜೋರು. ರಾಗಿ ಪಿಷ್ಟ ನೀರು ಕುಡಿದು ಉಬ್ಬೋದು 65ರಿಂದ 70 ಡಿಗ್ರಿ ಆಸುಪಾಸಿನಲ್ಲಿ. ಉಬ್ಬಿದ ಪಿಷ್ಟವನ್ನ ಕಿಣ್ವ ಕತ್ತರಿಸೋದು ಬಲು ಸುಲಭ, ಅದು ಅತಿ ಚುರುಕಾಗಿ ಕೆಲಸ ಮಾಡೋದೂ ಸುಮಾರು ಅದೇ ಬಿಸಿಯಲ್ಲಿ. ಎಸರಿನ ನಡುವೆ ಕೂತ ಹಿಟ್ಟಿನ ಗುಡ್ಡೆಯ ಹೊಟ್ಟೆ ತಟ್ಟನೆ ಕಾಯೋದಿಲ್ಲ, ಇದೇ ಬಿಸಿಯಲ್ಲಿ ನಿಮಿಷಗಟ್ಟಲೆ ಕಳೆಯುತ್ತೆ. ಸಾದಾ ಹಿಟ್ಟಿಗೆ ಹದ ಕೊಡೋ ಸಣ್ಣ ಉರಿಯೇ ಮೊಳಕೆ ಹಿಟ್ಟನ್ನ ನೀರು ಮಾಡುತ್ತೆ.

ಪಕ್ಕಾ ಮಾಡಿಕೊಳ್ಳೋಕೆ ಗಂಜಿ ಪರೀಕ್ಷೆ ಇದೆ. ಸಾದಾ ರಾಗಿಯ ಗಟ್ಟಿ ಗಂಜಿ ಒಂದು ಬಟ್ಟಲು ಮಾಡಿ, ಬೆರಳಿಟ್ಟರೆ ಚುರ್ ಅನ್ನೋ 60 ಡಿಗ್ರಿಗೆ ಆರಿಸಿ, ಒಂದು ಟೀ ಚಮಚ ಮೊಳಕೆ ಹಿಟ್ಟು ಕದಡಿ ಮುಚ್ಚಿಡಿ. ಹತ್ತು ನಿಮಿಷದಲ್ಲಿ ಗಂಜಿ ಮಜ್ಜಿಗೆ ಹದಕ್ಕೆ ಬಂದರೆ ಕಿಣ್ವ ಜೀವಂತ. ಅಂಗಡಿಯ ಮೊಳಕೆ ರಾಗಿ ಪೊಟ್ಟಣಗಳನ್ನೂ ಹೀಗೇ ನೋಡಬಹುದು. ಕೆಲವು ಗಂಜಿಯನ್ನ ಒಂದಿಷ್ಟೂ ಅಲ್ಲಾಡಿಸಲಿಲ್ಲ. ಜೋರಾಗಿ ಹುರಿದಿರಬಹುದು, ಅದು ಮೋಸವಲ್ಲ. ಮೊಳಕೆಯ ಮುಖವನ್ನೇ ಕಾಣದ ರಾಗಿಯೂ ಇರಬಹುದು. ಎರಡಕ್ಕೂ ದರ ಮಾತ್ರ ಒಂದೇ, ಸಾದಾ ಹಿಟ್ಟಿನ ಎರಡರಷ್ಟು.

ಕಿಣ್ವ ಕೊಲ್ಲಬೇಕು ಅಂದಾಗ ಎಲ್ಲರಿಗೂ ಮೊದಲು ಹೊಳೆಯೋದು ಹುರಿಯೋದು. ಹದವಾಗಿ ಹುರಿದರೆ ಪರಿಮಳ ಬರುತ್ತೆ, ಕಿಣ್ವ ಸಾಯಲ್ಲ. ಒಣ ಕಾಳಿನೊಳಗೆ ಅದು ಬಿಸಿಯನ್ನ ಗಟ್ಟಿಯಾಗಿ ತಡೆಯುತ್ತೆ. ಬಿಯರಿಗೆ ಬಾರ್ಲಿ ಮಾಲ್ಟ್ ಮಾಡೋರು 80 ಡಿಗ್ರಿ ಆಸುಪಾಸಿಗೆ ಒಣಗಿಸಿಯೂ ಕಿಣ್ವ ಉಳಿಸಿಕೊಳ್ತಾರೆ, ಅವರಿಗೆ ಬೇಕಿರೋದೇ ಅದು. ಪೂರ್ತಿ ಸಾಯಬೇಕಾದರೆ ಕಾಳು ಕಂದು ಬಣ್ಣಕ್ಕೆ ತಿರುಗಿ ಅರಳೋ ತನಕ ಹುರಿಯಬೇಕು. ಆಗ ಕೈಗೆ ಬರೋದು ಹುರಿಹಿಟ್ಟು. ಬೆಲ್ಲ, ತುಪ್ಪ, ಕಾಯಿತುರಿ ಹಾಕಿ ಕಲೆಸಿ ತಿನ್ನೋಕೆ ಬಹಳ ಚೆನ್ನ, ಮುದ್ದೆಗೆ ಬರಲ್ಲ.

ಒದ್ದೆ ಮೊಳಕೆಯನ್ನೇ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿಟ್ಟರೆ? ಕಿಣ್ವ ಸತ್ತಿತು, ಗಂಜಿ ಪರೀಕ್ಷೆ ಪಾಸು. ಆದರೆ ಹಬೆ ಕಂಡ ರಾಗಿ ಒಣಗಿದ ಮೇಲೆ ಕಲ್ಲಾಗುತ್ತೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರಾಗಿಯ ಸಿಪ್ಪೆ ತೆಗೆಯೋ ವಿಧಾನ ರೂಪಿಸಿದ್ದು ಇದೇ ಗುಣದ ಮೇಲೆ: ನೀರು, ಹಬೆ ಕೊಟ್ಟು ಗಟ್ಟಿ ಮಾಡಿದರೆ ಕಾಳು ಪುಡಿಯಾಗದೆ ಪಾಲಿಶ್ ತಡೆಯುತ್ತೆ. ನಮ್ಮ ಗಿರಣಿಯಲ್ಲಿ ಅದು ರವೆಯಾಗಿ ಬಂತು. ಗಿರಣಿಯವರ ಮುಖವೂ ಗಟ್ಟಿಯಾಯಿತು. ಹಿಂದಿನ ಗಿರಾಕಿಯ ಖಾರದಪುಡಿ ಬೆರೆಸಿ ಕೊಟ್ಟಾಗ ಈ ಗಾಂಭೀರ್ಯ ಎಲ್ಲಿ ಹೋಗಿರುತ್ತೋ.

ಬರೀ ಬೆರಕೆಯೂ ಪರಿಹಾರವಲ್ಲ. ಒಂದು ಟೀ ಚಮಚ ಒಂದು ಬಟ್ಟಲು ಗಂಜಿಯನ್ನ ಕರಗಿಸೋದು ನೋಡಿದ್ದೀವಲ್ಲ. ಮುಕ್ಕಾಲು ಸಾದಾ, ಕಾಲು ಮೊಳಕೆ ಅಂತ ಮೊದಲೇ ಬೆರೆಸಿಟ್ಟರೆ ಆ ಕಾಲು ಭಾಗ ಮುಕ್ಕಾಲನ್ನೂ ತಿಂದುಹಾಕುತ್ತೆ. ನಮ್ಮ ಕಡೆ ಎಸರಿಗೆ ಅಕ್ಕಿ ನುಚ್ಚು ಹಾಕೋ ರೂಢಿ ಇದೆಯಲ್ಲ, ಬೆಂದ ನುಚ್ಚನ್ನೂ ಬಿಡಲ್ಲ.

ಕೆಲಸ ಮಾಡಿದ್ದು ಹಾಕೋ ಕ್ರಮ. ಮೊಳಕೆ ಹಿಟ್ಟು ಮೊದಲು, ಒಂದೇ, ಕುದಿಯೋ ನೀರಿಗೆ. ಕಿಣ್ವ ಅಲ್ಲೇ ಸತ್ತ ಮೇಲೆ ಸಾದಾ ಹಿಟ್ಟು.

ಇಬ್ಬರಿಗೆ ಅಳತೆ: ಮೊಳಕೆ ಹಿಟ್ಟು 60 ಗ್ರಾಂ, ಸಾದಾ ರಾಗಿ ಹಿಟ್ಟು 190 ಗ್ರಾಂ, ನೀರು ಒಟ್ಟು 480 ಎಂಎಲ್. ಇದರಲ್ಲಿ 80 ಎಂಎಲ್ ತಣ್ಣೀರಿನಲ್ಲಿ ಮೊಳಕೆ ಹಿಟ್ಟನ್ನ ಗಂಟಿಲ್ಲದೆ ಕದಡಿ. ಬಿಸಿನೀರು ಬೇಡ, ಬಟ್ಟಲಲ್ಲೇ ಕಿಣ್ವಕ್ಕೆ ಹಬ್ಬ ಶುರುವಾಗುತ್ತೆ. ಉಳಿದ 400 ಎಂಎಲ್ ಉಪ್ಪು ಹಾಕಿ ಕೊತಕೊತ ಕುದಿಸಿ. ಕದಡಿದ್ದನ್ನ ಒಂದೇ ಸಲ ಸುರಿದರೆ ಎಸರು 85ಕ್ಕಿಂತ ಕೆಳಗೆ ಕುಸಿಯುತ್ತೆ. ದೊಡ್ಡ ಉರಿ ಇಟ್ಟು ಸಣ್ಣ ಧಾರೆಯಾಗಿ, ಮೂರು ನಾಲ್ಕು ಕಂತಲ್ಲಿ, ಪ್ರತಿ ಸಲವೂ ಮತ್ತೆ ಕುದಿ ಬಂದ ಮೇಲೆಯೇ ಮುಂದಿನದು ಹಾಕಿ, ಕೈ ಬಿಡದೆ ತಿರುವಿ. ಒಣ ಹಿಟ್ಟು ಉದುರಿಸೋದೂ ಬೇಡ, ಗಂಟಾಗುತ್ತೆ, ಗಂಟಿನೊಳಗೆ ಕಿಣ್ವ ಸುಖವಾಗಿ ಬದುಕಿರುತ್ತೆ. ಪೂರ್ತಿ ಹಾಕಿದ ಮೇಲೆ ಪಾತ್ರೆಯ ಅಂಚಿಗೆ ಅಂಟಿದ್ದನ್ನ ಒಳಗೆ ಕೆರೆದು ನಾಲ್ಕು ನಿಮಿಷ ಕುದಿಸಿ. ಆಮೇಲೆ ಸಾದಾ ಹಿಟ್ಟಿನ ಗುಡ್ಡೆ, ಸಣ್ಣ ಉರಿ, ಆರೇಳು ನಿಮಿಷ, ತಿರುವೋದು, ಹಬೆ, ಒದ್ದೆ ಕೈಯಲ್ಲಿ ಕಟ್ಟೋದು. ಅಲ್ಲಿಂದ ನಿಮ್ಮ ಮನೆ ಪದ್ಧತಿ.

ಕಾಲು ಪಾಲಿಗೆ ಮುದ್ದೆ ಗಟ್ಟಿ ನಿಲ್ಲುತ್ತೆ. ಮೂರನೇ ಒಂದು ಪಾಲಿಗೆ ನೀರು 440ಕ್ಕೆ ಇಳಿಸಿದರೆ ನಿಲ್ಲುತ್ತೆ, ಸ್ವಲ್ಪ ಮೆತ್ತಗೆ. ಅರ್ಧಕ್ಕೆ ಕೈಗೆ ಅಂಟು. ಬರೀ ಮೊಳಕೆ ಹಿಟ್ಟಲ್ಲಿ ಮುದ್ದೆ ಅನ್ನೋದು ಆಗದ ಮಾತು: ಕಿಣ್ವ ಸತ್ತರೂ ಮೊಳಕೆಯ ದಿನಗಳಲ್ಲಿ ಅದು ಆಗಲೇ ಕತ್ತರಿಸಿಟ್ಟ ಪಿಷ್ಟ ಮತ್ತೆ ಕೂಡಲ್ಲ. ಮುದ್ದೆಗೆ ಅಂತಲೇ ಮಾಡೋದಾದರೆ ಬಿಳಿ ತುದಿ ಕಂಡ ತಕ್ಷಣ ಒಣಗಿಸಿ.

ಥರ್ಮಾಮೀಟರ್ ಪುರಾಣವೂ ಇಲ್ಲೇ. ಆನ್‌ಲೈನಲ್ಲಿ ತರಿಸಿದ್ದು ಕುದಿಯೋ ನೀರಲ್ಲಿ 97 ತೋರಿಸಿದರೆ ವಾಪಸ್ ಕಳಿಸಬೇಡಿ, ಅದು ಸತ್ಯವಂತ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ, ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತೆ. ವಾಪಸ್ ಕಳಿಸಬೇಕಾದ್ದು ಇಲ್ಲಿ ಸರಿಯಾಗಿ 100 ತೋರಿಸೋದನ್ನ. ಒಬ್ಬ ಮಾರಾಟಗಾರರಿಗೆ ಇದನ್ನ ವಿವರಿಸಿದ್ದಕ್ಕೆ ಬಂದ ಉತ್ತರ, "ಸರ್, ನೂರಕ್ಕೆ ನೂರು ಕರೆಕ್ಟ್ ಇದೆ". ಹೌದಪ್ಪ, ಅದೇ ದೂರು.

ರಾಗಿ ಮಾರೋರ ಬಗ್ಗೆಯೂ ಗೊಣಗದೆ ಬಿಡೋಕಾಗಲ್ಲ. ಹಳೇದು ಹೊಸದು ಬೆರೆಸಿ ಹೊಸ ಫಸಲು ಅಂತಾರೆ. ಹಳೇ ರಾಗಿ ಮುದ್ದೆಗೆ ಅಡ್ಡಿಯಿಲ್ಲ, ಹಗೇವಿನಲ್ಲಿ (ನೆಲದೊಳಗಿನ ಕಣಜ) ವರ್ಷಗಟ್ಟಲೆ ಇಟ್ಟು ಉಂಡ ಸೀಮೆ ಇದು. ಮೊಳಕೆಗೆ ಆಗಲ್ಲ. ಮೂಟೆ ತರೋ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿಡಿ. ಬಿತ್ತನೆ ರಾಗಿಗೆ ಕನಿಷ್ಠ ಮೊಳಕೆ ಪ್ರಮಾಣ 75, ನಮ್ಮ ಕೆಲಸಕ್ಕೆ 90 ಬೇಕು. ಮೊಳೆಯದೆ ಉಳಿದ ಕಾಳೇ ಮೊದಲು ಬೂಷ್ಟು ಹಿಡಿಯೋದು. ಹಾಗಂತ ಬಿತ್ತನೆ ಬೀಜದ ಚೀಲ ತಂದು ನೆನೆಹಾಕೀರಿ ಜೋಕೆ, ಅದಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ. ಬಣ್ಣ ಹತ್ತಿದ ಕಾಳು ಹೊಲಕ್ಕೆ ಮಾತ್ರ.

ಇಷ್ಟೆಲ್ಲ ಯಾಕೆ ಅಂದರೆ, ಲೆಕ್ಕ ಹೀಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನ್‌ಐಎನ್ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ. ಕಾಗದದ ಮೇಲೆ ಭರ್ಜರಿ. ಆದರೆ ಕಾಳಿನಲ್ಲಿರೋ ಫೈಟೇಟ್ ಅನ್ನೋ ಅಂಶ ಇವೆರಡನ್ನೂ ಹಿಡಿದಿಟ್ಟುಕೊಳ್ಳುತ್ತೆ, ಹೊಟ್ಟೆಗೆ ಇಳಿದದ್ದೆಲ್ಲ ಮೈಗೆ ಹತ್ತಲ್ಲ. ಮೊಳಕೆ ಫೈಟೇಟನ್ನ ಕಡಿಮೆ ಮಾಡುತ್ತೆ. ಕಾಲು ಪಾಲು ಮೊಳಕೆಯಾದರೆ ಲಾಭವೂ ಆ ಕಾಲು ಪಾಲಿನದೇ, ಪವಾಡ ಬೇಡ. ಸಾರಿಗೆ ನಿಂಬೆಹುಳಿ ಹಿಂಡೋದು, ಊಟದ ಬೆನ್ನಿಗೇ ಟೀ ಕುಡಿಯದೆ ಒಂದು ಗಂಟೆ ತಡೆಯೋದು, ಇವೆರಡೂ ಕಬ್ಬಿಣದ ಮಟ್ಟಿಗೆ ಮೊಳಕೆಯಷ್ಟೇ ಮುಖ್ಯ, ಖರ್ಚೂ ಇಲ್ಲ.

ಶುಗರ್ ಇರೋರಿಗೆ ಮೊಳಕೆ ರಾಗಿ ಮಾಲ್ಟ್ ಎಷ್ಟು ಕುಡಿದರೂ ಒಳ್ಳೇದು ಅನ್ನೋ ಮಾತು ಸುಳ್ಳು. ಕತ್ತರಿಸಿದ ಪಿಷ್ಟ ಬೇಗ ಸಕ್ಕರೆಯಾಗುತ್ತೆ, ಮೇಲೆ ಬೆಲ್ಲ ಬೇರೆ. ಅವರಿಗೆ ಸಾದಾ ಮುದ್ದೆ, ಗಾತ್ರ ನೋಡಿಕೊಂಡು, ಸೊಪ್ಪು ಕಾಳಿನ ಸಾರಿನ ಜೊತೆ. ಇನ್ನೊಂದು ಕಡೆ, ಆರು ತಿಂಗಳು ದಾಟಿದ ಕೂಸಿಗೆ, ಅಗಿಯಲಾಗದ ಮುದುಕರಿಗೆ ಈ ಕಿಣ್ವ ವರ. ಸಾದಾ ಗಂಜಿಗೆ ಹಿಟ್ಟು ಹೆಚ್ಚಿಸಿದರೆ ಗಟ್ಟಿಯಾಗಿ ಕೂಸು ಉಗುಳುತ್ತೆ. ಹೆಚ್ಚು ಹಿಟ್ಟು ಹಾಕಿದ ಗಂಜಿಯನ್ನ ಒಂದು ಚಮಚ ಮೊಳಕೆ ಹಿಟ್ಟಲ್ಲಿ ತೆಳ್ಳಗೆ ಮಾಡಿ, ಮತ್ತೆ ಒಂದು ಕುದಿ ಬರಿಸಿ ಆರಿಸಿ ಕೊಟ್ಟರೆ ಅದೇ ಬಟ್ಟಲಲ್ಲಿ ಹೆಚ್ಚು ಆಹಾರ ಒಳಗೆ ಹೋಗುತ್ತೆ. ಮತ್ತೆ ಕುದಿಸೋದು ಮರೆಯಬೇಡಿ, ಮೊಳಕೆ ಹಿಟ್ಟಿನ ಸೂಕ್ಷ್ಮಾಣುಗಳಿಗೆ 60 ಡಿಗ್ರಿಯ ಹತ್ತು ನಿಮಿಷ ಸಾಲದು.

ಅಲ್ಲಿಂದಲೇ ಮುಂದಿನ ಹುಚ್ಚು ಶುರು: ಬೆಲ್ಲ ಹಾಕದ ಸಿಹಿ ಅಂಬಲಿ. ಅಕ್ಕಿ ನುಚ್ಚಿನ ಗಂಜಿ 65 ಡಿಗ್ರಿಗೆ ಆರಿಸಿ, ನುಚ್ಚಿನ ತೂಕದ ಇಪ್ಪತ್ತನೇ ಒಂದು ಪಾಲು ಮೊಳಕೆ ರಾಗಿ ಹಿಟ್ಟು ಬೆರೆಸಿ, ಹಾಟ್‌ಬಾಕ್ಸಲ್ಲಿ ಒಂದು ಗಂಟೆ, ಆಮೇಲೆ ಕುದಿಸಿ ಕಿಣ್ವ ನಿಲ್ಲಿಸೋದು. ಹಾಟ್‌ಬಾಕ್ಸ್ ಒಂದು ಗಂಟೆಗೆ ಎಷ್ಟು ಡಿಗ್ರಿ ಬಿಟ್ಟುಕೊಡುತ್ತೆ ಅಂತ ಬರೀ ನೀರು ಹಾಕಿ ಅಳೆಯೋದು ಮೊದಲ ಕೆಲಸ. ಕುದಿಸದೆ ರಾತ್ರಿಯಿಡೀ ಮರೆತರೆ ಮಾತ್ರ ಹುಳಿ ಬಂದು ಬೇರೆಯೇ ದಾರಿ ಹಿಡಿಯುತ್ತೆ, ಅಬಕಾರಿಯವರಿಗೆ ಉತ್ತರ ನೀವೇ ಕೊಟ್ಟುಕೊಳ್ಳಿ.