ರೈಲು ಕದ್ದವರ ದಾರಿಯಲ್ಲಿ ಒಂದು ದಿನ: ಕೆನೆಸಾದಿಂದ ಚಾಟನೂಗಾಕ್ಕೆ

ಅಟ್ಲಾಂಟಾದಲ್ಲಿರುವ ತಂಗಿ ಮನೆಗೆ ಹೋದಾಗ ಒಂದು ದಿನ ಬಿಡುವು ಸಿಕ್ಕಿತು. ಮಾಲ್ ಬೇಡ ಅಂತ ಹಟ ಹಿಡಿದು, ಅಮೆರಿಕದ ಅಂತರ್ಯುದ್ಧದ (1861-65ರಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದದ್ದು) ರೈಲುದಾರಿ ನೋಡಲು ಹೊರಟೆವು. ನೀವೂ ಹೋಗುವುದಾದರೆ ಕೆನೆಸಾದಿಂದಲೇ ಶುರುಮಾಡಿ, ಉತ್ತರಕ್ಕೆ ಸಾಗಿ. ಕಥೆಯೂ ಹಾಗೇ ಸಾಗಿದ್ದು.

ಆಗ ಕೆನೆಸಾದ ಹೆಸರು ಬಿಗ್ ಶಾಂಟಿ. 1862ರ ಏಪ್ರಿಲ್ 12ರ ಬೆಳಿಗ್ಗೆ ಇಲ್ಲಿ ನಿಂತ ರೈಲಿನಿಂದ ಪ್ರಯಾಣಿಕರೆಲ್ಲ ಇಳಿದು ತಿಂಡಿ ತಿನ್ನುತ್ತಿದ್ದರು. ಉತ್ತರದ ಗೂಢಚಾರ ಜೇಮ್ಸ್ ಆಂಡ್ರೂಸ್ ಮತ್ತು ಮಾಮೂಲಿ ಬಟ್ಟೆ ತೊಟ್ಟಿದ್ದ ಉತ್ತರದ ಸೈನಿಕರು, ಒಟ್ಟು ಸುಮಾರು 20 ಜನ, 'ಜನರಲ್' ಎಂಬ ಎಂಜಿನ್ ಹಾರಿಸಿಕೊಂಡು ಹೋದರು. ಸೇತುವೆ ಸುಟ್ಟು, ದಕ್ಷಿಣದವರ ವಶದಲ್ಲಿದ್ದ ಚಾಟನೂಗಾದ ಸಂಪರ್ಕ ಕಡಿಯುವುದು ಅವರ ಲೆಕ್ಕ. ಆ ರೈಲಿನ ಕಂಡಕ್ಟರ್ ವಿಲಿಯಂ ಫುಲ್ಲರ್ ಮೊದಲು ಓಡಿಕೊಂಡೇ ಬೆನ್ನಟ್ಟಿದ! ಕೊನೆಗೆ 'ಟೆಕ್ಸಸ್' ಎಂಬ ಎಂಜಿನ್ನನ್ನು ಹಿಮ್ಮುಖವಾಗಿಯೇ ಓಡಿಸಿದ. ಮಳೆಗೆ ನೆನೆದ ಸೇತುವೆಗಳಿಗೆ ಬೆಂಕಿ ಹತ್ತಲಿಲ್ಲ. ರಿಂಗ್‌ಗೋಲ್ಡ್ ದಾಟಿದ ಮೇಲೆ ಸೌದೆ ಮುಗಿದು 'ಜನರಲ್' ನಿಂತುಹೋಯಿತು.

ಅದೇ ಎಂಜಿನ್ ಈಗ ಕೆನೆಸಾ ಮ್ಯೂಸಿಯಂನಲ್ಲಿದೆ. ಮೇಲಕ್ಕೆ ಹೋದಂತೆ ಅಗಲವಾಗುವ ಹೊಗೆಕೊಳವೆಯನ್ನು ಹತ್ತಿರದಿಂದ ನೋಡಿ. ಆದರೆ ಫೋಟೋ ತೆಗೆದು ಸುಮ್ನೆ ಹೊರಡಬೇಡಿ, ಯುದ್ಧಕಾಲದ ರೈಲಿನ ವಿಭಾಗಕ್ಕೆ ಜಾಸ್ತಿ ಸಮಯ ಇಡಿ. 1864ರಲ್ಲಿ ಇದೇ ದಾರಿಯಲ್ಲಿ ಅಟ್ಲಾಂಟಾಕ್ಕೆ ನುಗ್ಗಿದ ಉತ್ತರದ ಸೇನಾಪತಿ ಶರ್ಮನ್‌ಗೆ 1 ಲಕ್ಷ ಸೈನಿಕರು ಮತ್ತು 35,000 ಪ್ರಾಣಿಗಳ ಹೊಟ್ಟೆ ತುಂಬಿಸಬೇಕಿತ್ತು. ಕೆಂಟಕಿ ರಾಜ್ಯದ ಲೂಯಿವಿಲ್‌ನಿಂದ 473 ಮೈಲಿ ಉದ್ದದ ಒಂಟಿ ಹಳಿಯೇ ಆಧಾರ. ರೈಲಿಲ್ಲದಿದ್ದರೆ ಆರಾರು ಹೇಸರಗತ್ತೆ ಕಟ್ಟಿದ 36,800 ಗಾಡಿ ಬೇಕಿತ್ತು ಅಂತ ಅವನೇ ಲೆಕ್ಕ ಹಾಕಿದ್ದ. ಹಳಿಯ ಬೆಲೆ ಅಷ್ಟು ಗೊತ್ತಿದ್ದವನಾದ್ದರಿಂದಲೇ ಶತ್ರುವಿನ ಹಳಿ ಕಿತ್ತು, ಕೆಂಪಗೆ ಕಾಯಿಸಿ, ಮರಕ್ಕೆ ಸುತ್ತಿಸುತ್ತಿದ್ದ. ಬರೀ ಕಿತ್ತರೆ ಮತ್ತೆ ಜೋಡಿಸಿಬಿಡ್ತಾರೆ ಅಲ್ವಾ?

ಕೆನೆಸಾ ಬೆಟ್ಟದ ಯುದ್ಧಭೂಮಿ ಪಕ್ಕದಲ್ಲೇ ಇದೆ. ಮಕ್ಕಳಿದ್ದರೆ ನೀರು ಒಯ್ಯಿರಿ.

ಟನಲ್ ಹಿಲ್‌ನಲ್ಲಿ ನಾವು ಎಡವಿದೆವು. ಊಟಕ್ಕೆ ತಡಮಾಡಿ ತಲುಪುವಷ್ಟರಲ್ಲಿ ಬಾಗಿಲು ಹಾಕಿತ್ತು. ಇದೇ ರೈಲುದಾರಿಗಾಗಿ ಕೊರೆದು 1850ರಲ್ಲಿ ಮುಗಿದ 1,477 ಅಡಿ ಉದ್ದದ ಸುರಂಗದೊಳಗೆ ಕಾಲಿಡಲಾಗಲಿಲ್ಲ. ಮೊದಲೇ ಫೋನ್ ಮಾಡಿ ಹೋಗಿ.

ಕೊನೆಗೆ ಚಾಟನೂಗಾದ ರಾಷ್ಟ್ರೀಯ ಸ್ಮಶಾನ. ಸ್ಮಾರಕದ ಮೇಲೆ ಪುಟ್ಟ 'ಜನರಲ್', ಸುತ್ತ ಗಲ್ಲಿಗೇರಿದ ಎಂಟು ಜನರ ಸಮಾಧಿ. ಆ ತಂಡದ ಸೈನಿಕರಲ್ಲಿ ಹೆಚ್ಚಿನವರಿಗೆ ದೇಶದ ಅತ್ಯುನ್ನತ ಶೌರ್ಯ ಪದಕ ಸಿಕ್ಕಿತು. ಆಂಡ್ರೂಸ್‌ಗೆ ಸಿಗಲಿಲ್ಲ, ಅವನು ಸೈನಿಕನಲ್ಲವಲ್ಲ.