ಐ3 ಸಾಕಾ, ಐ5 ಬೇಕಾ?

ಮನೆಗೋ ಅಂಗಡಿಗೋ ಕಂಪ್ಯೂಟರ್ ಕೊಳ್ಳಲು ಹೊರಟವರೆಲ್ಲ ನನ್ನನ್ನು ಕೇಳುವುದು ಇದನ್ನೇ. ಐ3, ಐ5, ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರುಗಳು, ಕಂಪ್ಯೂಟರಿನ ಮಿದುಳು ಅನ್ನಿ. ಕೆಲಸ ಏನು ಅಂದರೆ ಟ್ಯಾಲಿ, ಎಕ್ಸೆಲ್, ನುಡಿಯಲ್ಲಿ ಟೈಪಿಂಗ್, ಮಕ್ಕಳ ಪ್ರಾಜೆಕ್ಟು, ಒಂದಿಷ್ಟು ಯೂಟ್ಯೂಬ್ ಅನ್ನುತ್ತಾರೆ. ಇಷ್ಟಕ್ಕೆ ಐ3 ಧಾರಾಳ ಸಾಕು. ಆದರೆ ಯಾವ ಐ3 ಅಂತ ನೋಡಲೇಬೇಕು.

ನಮ್ಮ ಚಿಕ್ಕಪ್ಪನ ಮಗ ಅಂಗಡಿ ಬಿಲ್ಲಿಂಗಿಗೆ ಅಂತ ಸೆಕೆಂಡ್ ಹ್ಯಾಂಡ್ ಸಿಸ್ಟಮ್ ತಂದಿದ್ದ. "ಐ7 ಅಣ್ಣಾ, ಕಮ್ಮಿಗೇ ಸಿಕ್ತು" ಅಂದ. ನೋಡಿದರೆ ಐ7-2600. 2011ರದ್ದು! 2022ರಲ್ಲಿ ಬಂದ ಐ3-12100ಕ್ಕೂ ಅದರಷ್ಟೇ ನಾಲ್ಕು ಕೋರ್ (ಲೆಕ್ಕ ಮಾಡುವ ಭಾಗ), ಎಂಟು ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸದ ಸಾಲು). ವೇಗದಲ್ಲಿ ಮಾತ್ರ ಈ ಐ3 ಬಹಳ ಮುಂದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸದೇ ಬೇಕು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕು, ಜಿಎಸ್‌ಟಿ ಎಲ್ಲ ಮಾಡುವ ಕಂಪ್ಯೂಟರಿಗೆ ಸೆಕ್ಯುರಿಟಿ ಅಪ್‌ಡೇಟ್ ಬರದಿದ್ದರೆ ಭಯ ಅಲ್ವಾ? ದುಡ್ಡು ಕೊಟ್ಟು ಬಂದಿದ್ದ, ಅವನ ಮುಖ ನೋಡಿ ನನಗೂ ಬೇಜಾರಾಯಿತು.

ಹಾಗಾಗಿ ಐ3, ಐ5 ಅನ್ನುವುದಕ್ಕಿಂತ ಅದರ ಪಕ್ಕದ ನಂಬರು ಓದಿ. 12100ರಲ್ಲಿ 12 ಅಂದರೆ ಹನ್ನೆರಡನೇ ಜನರೇಷನ್. 2600ರಲ್ಲಿ ಬರೀ 2.

ಕೊನೆಯ ಅಕ್ಷರವನ್ನೂ ಬಿಡಬೇಡಿ. 12100ಎಫ್ ಅಂತ ಇದ್ದರೆ ಅದರೊಳಗೆ ಗ್ರಾಫಿಕ್ಸ್, ಅಂದರೆ ಮಾನಿಟರಿಗೆ ಚಿತ್ರ ಕಳಿಸುವ ಭಾಗ, ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಮಾನಿಟರಿನಲ್ಲಿ ಏನೂ ಬರುವುದಿಲ್ಲ. ಸ್ವಲ್ಪ ಅಗ್ಗ ಅಂತ ಅದನ್ನೇ ತಂದು ಒದ್ದಾಡುವವರು ಇದ್ದಾರೆ. ಇಂಟೆಲ್ ಬದಲು ಎಎಂಡಿ ಕಂಪನಿಯ ಪ್ರೊಸೆಸರಿಗೆ ಎಎಂ4 ಅನ್ನುವ ಬಗೆಯ ಬೋರ್ಡ್ ಹಾಕಿಸುವುದಾದರೆ ಕೊನೆಗೆ ಜಿ ಇರುವುದನ್ನು ಕೇಳಿ, ಅದರೊಳಗೆ ಗ್ರಾಫಿಕ್ಸ್ ಇರುತ್ತದೆ. ಆರು ಕೋರಿನ ರೈಜನ್ 5 5600ಜಿ ನನಗೆ ತುಂಬಾ ಇಷ್ಟ. ಬಿಡಿ ಪೀಸ್ ಬೇಡ, ಬಾಕ್ಸ್ ಪೀಸೇ ತಗೊಳ್ಳಿ. 12100ರ ಬಾಕ್ಸಿನಲ್ಲಿ ಫ್ಯಾನೂ ಬರುತ್ತದೆ, ಮೂರು ವರ್ಷ ಕಂಪನಿ ವಾರಂಟಿಯೂ ಇರುತ್ತದೆ.

ದಿನವೂ ವಿಡಿಯೋ ಎಡಿಟಿಂಗ್ ಮಾಡುವವರಿಗೆ ಐ5 ಬೇಕು, ಒಪ್ಪುತ್ತೇನೆ. ಉಳಿದವರು ಆ ದುಡ್ಡನ್ನು ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಸ್ಟೋರೇಜಿಗೆ, ಹಾಕಿ. ಕಂಪ್ಯೂಟರ್ ಆನ್ ಆಗಲು ಕಾಯುವುದು, ಫೈಲ್ ತೆರೆಯಲು ಕಾಯುವುದು, ಇದೆಲ್ಲ ಹೆಚ್ಚಾಗಿ ಹಳೇ ಹಾರ್ಡ್ ಡಿಸ್ಕಿನ ಕಾಟ. ಸುಮ್ನೆ ಪ್ರೊಸೆಸರನ್ನು ಬೈಯುತ್ತೇವೆ. ರ‍್ಯಾಮ್ 8 ಜಿಬಿಯ ಎರಡು ಹಾಕಿಸಿ. 16ರ ಒಂದೇ ಹಾಕುವುದಕ್ಕಿಂತ ಒಳಗಿನ ಗ್ರಾಫಿಕ್ಸಿಗೆ ಅದು ಒಳ್ಳೆಯದು.

ತಮ್ಮನ ಅಂಗಡಿಗೆ ಆಮೇಲೆ 12100 ಹಾಕಿಸಿದೆವು. ಆ ಐ7ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟೆ. ಅವನ ಮಗಳು ಅದರಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದಾಳೆ.