ಒಂದೇ ಒಂದು ಕಾಲೊನಿ

ನಾನು ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನೀಷಿಯನ್. ಕೆಲಸಕ್ಕೆ ಸೇರಿದ ಮೊದಲ ವರ್ಷ ಮಾಡಿದ ಒಂದು ತಪ್ಪನ್ನು ಲ್ಯಾಬಿಗೆ ಬರುವ ಹೊಸಬರಿಗೆಲ್ಲ ಹೇಳುತ್ತೇನೆ. ಇಲ್ಲೂ ಬರೆಯುತ್ತಿದ್ದೇನೆ.

ಮೂತ್ರದ ಸ್ಯಾಂಪಲ್ ಅದು. ಹಿಂದಿನ ದಿನ ಅದನ್ನು ಮೆಕಾಂಕಿ ಅಗಾರ್ ಪ್ಲೇಟಿನ (ಬ್ಯಾಕ್ಟೀರಿಯಾ ಬೆಳೆಸುವ, ಜೆಲ್ಲಿಯಂಥ ಪದರವಿರುವ ತಟ್ಟೆ) ಮೇಲೆ ಸ್ಟ್ರೀಕ್ ಮಾಡಿ, ಅಂದರೆ ಲೂಪ್ ಎಂಬ ತಂತಿ ಕುಣಿಕೆಯಿಂದ ಗೆರೆಗೆರೆಯಾಗಿ ಎಳೆದು, ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ತೆಗೆದರೆ ಪ್ಲೇಟ್ ತುಂಬ ಗುಲಾಬಿ ಬಣ್ಣ. ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಅಂದುಕೊಂಡೆ. ಆವತ್ತು ಕೆಲಸ ಜಾಸ್ತಿ ಇತ್ತು, ಹಾಗಾಗಿ ಬಿಡಿ ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆ) ಹುಡುಕುತ್ತಾ ಕೂರದೆ ದಟ್ಟವಾಗಿ ಬೆಳೆದ ಕಡೆಯಿಂದಲೇ ಲೂಪಿನಲ್ಲಿ ಒಂದಿಷ್ಟು ಬಳಿದುಕೊಂಡು, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆಗೆ ಹಾಕಿಬಿಟ್ಟೆ.

ಮರುದಿನ ಆಂಪಿಸಿಲಿನ್ ಎಂಬ ಆಂಟಿಬಯಾಟಿಕ್ ಸೇರಿಸಿದ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿತ್ತು. ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ಬಗ್ಗುವುದಿಲ್ಲ, ಎಂದು ಬರೆದೆ. ಸೀನಿಯರ್ ಮೇಡಂ ಸಹಿ ಹಾಕುವ ಮುಂಚೆ ಪ್ಲೇಟನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು. "ಹೊರಗೆ ದಟ್ಟ ಇದೆ, ಬಿಲ್ಲೆ ಹತ್ತಿರ ತೆಳು. ಇದರಲ್ಲಿ ಎರಡು ಸೇರಿವೆ. ನೀನು ಯಾವ ಕಾಲೊನಿ ತಗೊಂಡೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಪ್ಲೇಟಿನಿಂದ ಮತ್ತೆ ಸ್ಟ್ರೀಕ್ ಮಾಡಿದೆ. ಈ ಸಲ ಪ್ರತಿ ಸುತ್ತಿಗೂ ಲೂಪನ್ನು ಕೆಂಪಗೆ ಕಾಯಿಸಿ ಆರಿಸಿಕೊಂಡು, ಕೊನೆಯ ಗೆರೆಗಳಲ್ಲಿ ಕಾಲೊನಿಗಳು ಬಿಡಿಬಿಡಿಯಾಗಿ ಬೀಳುವ ಹಾಗೆ. ಎರಡು ಬಗೆ ಕಂಡವು. ಚಪ್ಪಟೆ, ಒಣ ಕಾಲೊನಿಗಳು ಇ. ಕೋಲಿ, ಅವೇ ಜಾಸ್ತಿ. ನಡುವೆ ಅಲ್ಲೊಂದು ಇಲ್ಲೊಂದು ಉಬ್ಬಿದ, ಲೋಳೆಯಂಥ ಕಾಲೊನಿಗಳು, ಅವು ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಎರಡೂ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಬಳಸುವುದರಿಂದ ಆ ಮೀಡಿಯಾದಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಆಹಾರದಲ್ಲಿ) ಎರಡೂ ಗುಲಾಬಿಯೇ. ಕ್ಲೆಬ್ಸಿಯೆಲ್ಲಾ ಹುಟ್ಟಿನಿಂದಲೇ ಆಂಪಿಸಿಲಿನ್‌ಗೆ ಬಗ್ಗುವುದಿಲ್ಲ. ನಾನು ಇ. ಕೋಲಿಯದು ಎಂದು ಬರೆದದ್ದು ಕ್ಲೆಬ್ಸಿಯೆಲ್ಲಾದ ಗುಣವನ್ನು! ಆ ರಿಪೋರ್ಟ್ ಹೋಗಿದ್ದರೆ, ಸಾಧಾರಣ ಔಷಧಿಯಲ್ಲೇ ವಾಸಿಯಾಗುವ ರೋಗಿಗೆ ಸುಮ್ನೆ ಇನ್ನೂ ಜೋರಾದ ಆಂಟಿಬಯಾಟಿಕ್ ಬೀಳುತ್ತಿತ್ತು.

ಕಾಲೇಜಿನಲ್ಲಿ ಮೈಕ್ರೋಬಯಾಲಜಿಯ ಚರಿತ್ರೆಯ ಪಾಠ ಪರೀಕ್ಷೆಗಷ್ಟೇ ಓದಿದ್ದೆ. ಅದು ನಿಜವಾಗಿ ಅರ್ಥವಾದದ್ದು ಆ ವಾರ. ಹಾಲೆಂಡಿನ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಕಂಡ ಪುಟ್ಟ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಉದ್ದದ ಪತ್ರ ಬರೆದದ್ದು 1676ರಲ್ಲಿ. ಆದರೆ ಯಾವ ಜೀವಿ ಯಾವ ಕೆಲಸ ಮಾಡುತ್ತದೆ ಎಂದು ಹೇಳಲು ಇನ್ನೂ ಸುಮಾರು ಎರಡು ಶತಮಾನ ಬೇಕಾಯಿತು. ನೋಡಿದರೆ ಸಾಲದು, ಬೇರೆ ಮಾಡಬೇಕಲ್ವಾ? ಸಾರಿನಂಥ ದ್ರವದಲ್ಲಿ ಬೆಳೆಸಿದರೆ ಎಲ್ಲವೂ ಕಲೆತುಹೋಗುತ್ತವೆ. ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬೆಳೆಸಿ ನೋಡಿದರು, ಆಮೇಲೆ ಜೆಲಟಿನ್ ಬಳಸಿದರು. ಆದರೆ ಜೆಲಟಿನ್ ಮೈಬಿಸಿಗೇ ಕರಗುತ್ತದೆ, ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ನೀರು ಮಾಡುತ್ತವೆ. ಅದರ ಬದಲು ಕಡಲಪಾಚಿಯಿಂದ ತೆಗೆದ ಅಗಾರ್ ಬಳಸಿ ಎಂದು ಸೂಚಿಸಿದವರು ಫ್ಯಾನಿ ಹೆಸ್ಸೆ. ಕಾಖ್ ಜೊತೆ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ. ಅಡುಗೆಮನೆಯಲ್ಲಿ ಜೆಲ್ಲಿ ಮಾಡುವಾಗ ಅದರ ಗುಣ ಅವರಿಗೆ ಗೊತ್ತಿತ್ತು: ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ. ಕಾಖ್ ಅವರ ಸಹಾಯಕ ಪೆಟ್ರಿ ತನ್ನ ಮುಚ್ಚಳದ ತಟ್ಟೆ ತಂದದ್ದು 1887ರಲ್ಲಿ. ಪೆಟ್ರಿಯ ಹೆಸರು ಎಲ್ಲರ ಬಾಯಲ್ಲಿದೆ, ಫ್ಯಾನಿಯ ಹೆಸರು ಎಷ್ಟು ಜನಕ್ಕೆ ಗೊತ್ತು? ಇದು ನನಗೆ ಈಗಲೂ ಬೇಜಾರು.

ಗಟ್ಟಿ ಮೀಡಿಯಾದ ಮೇಲೆ ಬಿದ್ದ ಬ್ಯಾಕ್ಟೀರಿಯಾ ಎಲ್ಲೂ ಹರಿದುಹೋಗದೆ ಅಲ್ಲೇ ಬೆಳೆಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. 7 ಗಂಟೆಯಲ್ಲಿ ಒಂದರಿಂದ 20 ಲಕ್ಷಕ್ಕೂ ಜಾಸ್ತಿ. ಬಿಡಿ ಕಾಲೊನಿ ಎಂದರೆ ಸಾಮಾನ್ಯವಾಗಿ ಒಂದೇ ಜೀವಕೋಶದ ಸಂತತಿ, ಆದ್ದರಿಂದಲೇ ಅದರ ಮೇಲಿನ ಪರೀಕ್ಷೆಯನ್ನು ನಂಬಬಹುದು.

ಇನ್ನೊಂದು ವಿಷಯ ನೋಡಿ, ಇದೇ ಇ. ಕೋಲಿ ಕರುಳಿನಲ್ಲಿ ನಮ್ಮ ಜೊತೆ ಆರಾಮಾಗಿ ಬದುಕುತ್ತದೆ. ಮೂತ್ರಕೋಶದಂಥ ಕಡೆ ಹೋದರೆ ಸೋಂಕು. ಸೂಕ್ಷ್ಮಜೀವಿಗಳಲ್ಲಿ ರೋಗ ತರುವವು ತೀರಾ ಕಡಿಮೆ. ಸತ್ತದ್ದನ್ನು ಕೊಳೆಸಿ ಮಣ್ಣಿಗೆ ಸೇರಿಸುವುದು, ಗಾಳಿಯ ಸಾರಜನಕವನ್ನು ಗಿಡಗಳು ಬಳಸುವ ಹಾಗೆ ಮಾಡುವುದು, ಇವೂ ಇವುಗಳದೇ ಕೆಲಸ. ಹೊಸಬರು "ಕೆಟ್ಟ ಬ್ಯಾಕ್ಟೀರಿಯಾ" ಎಂದಾಗ ನಾನು ತಡೆಯುತ್ತೇನೆ. ಯಾವುದು, ಎಲ್ಲಿ, ಎಷ್ಟು ಎಂದು ಕೇಳುತ್ತೇನೆ.

ಆ ರಿಪೋರ್ಟ್ ಎರಡು ದಿನ ತಡವಾಗಿ ಹೋಯಿತು. ಇ. ಕೋಲಿ, ಆಂಪಿಸಿಲಿನ್‌ಗೆ ಬಗ್ಗುತ್ತದೆ. ವಾರ್ಡಿಗೆ ಫೋನ್ ಮಾಡಿ ತಡಕ್ಕೆ ಕಾರಣ ನಾನೇ ಹೇಳಿದೆ. ಈಗ ಪರೀಕ್ಷೆಗೆ ತೆಗೆಯುವ ಮೊದಲು ಆ ಕಾಲೊನಿಯ ಕೆಳಗೆ, ಪ್ಲೇಟಿನ ಹಿಂಬದಿಯಲ್ಲಿ, ಮಾರ್ಕರಿನಿಂದ ಒಂದು ಸುತ್ತು ಹಾಕುತ್ತೇನೆ. ಯಾವ ಕಾಲೊನಿ ಎಂದು ಯಾರಾದರೂ ಕೇಳಿದರೆ ತೋರಿಸಬಹುದು.